ಗೋಪುರದ ಮೂಲೆಯ ಮುಖ

ಹೇಸಲ್‌ಕೂಮ್ ಊರಿನ ಚರ್ಚಿಗೆ ದಕ್ಷಿಣದ ಬಾಗಿಲಿಂದ ಹೋಗುವುದನ್ನು ಕಲ್ಲುಕುಟಿಗ ಸೈಲಸ್ ಹೆಬ್ಡಿಚ್ ಬಿಟ್ಟು ವರ್ಷಗಳಾದವು. ಊರೆಲ್ಲ ಆ ಬಾಗಿಲಿಂದಲೇ ಹೋಗುತ್ತದೆ. ಅವನೊಬ್ಬ ಮಾತ್ರ ಸಮಾಧಿಗಳ ನಡುವೆ ಸುತ್ತು ಹಾಕಿ, ಗೋಪುರದ ಬುಡದ ಗಿಡ್ಡ ಬಾಗಿಲಲ್ಲಿ ಬಗ್ಗಿ ಒಳಗೆ ಬರುತ್ತಾನೆ. ಮಂಡಿನೋವಿನ ಮನುಷ್ಯ, ಬಗ್ಗುವಾಗ ಬೈದುಕೊಳ್ಳುತ್ತಾನೆ. ಆದರೂ ಅಲ್ಲಿಂದಲೇ ಬರುತ್ತಾನೆ. ದಕ್ಷಿಣದ ಬಾಗಿಲು ದಾಟಿದ ಕೂಡಲೇ ಬಲಗಡೆ ಗೋಡೆಯಲ್ಲಿ, ಮಹಾಯುದ್ಧದಲ್ಲಿ ಸತ್ತ ಊರ ಹುಡುಗರ ಹೆಸರಿನ ಫಲಕವಿದೆ. ಅದರಲ್ಲಿ ಅವನ ಮಗ ಕ್ಲೆಮ್‌ನ ಹೆಸರಿಲ್ಲ. ಆ ಫಲಕ ಕೊರೆದವನು ಸೈಲಸನೇ.

ಇದನ್ನು ಅವನು ಪಾದ್ರಿ ಥ್ರಿಂಗ್‌ಗೆ ಇವತ್ತಿಗೂ ಕ್ಷಮಿಸಿಲ್ಲ. ಯಾಕೆ ಕ್ಷಮಿಸಬೇಕು?

ಕ್ಲೆಮ್ ಫ್ರಾನ್ಸಿನಿಂದ ತನ್ನ ಕಾಲ ಮೇಲೆ ನಡೆದುಕೊಂಡೇ ಬಂದಿದ್ದ. ಅದೇ ತಪ್ಪಾಯಿತು. ವಿಷದ ಗಾಳಿ ಕುಡಿದ ಎದೆ. ಕೊಡತಿ ಎತ್ತಿದರೆ ಕೆಮ್ಮು, ಮೆಟ್ಟಿಲು ಹತ್ತಿದರೆ ಕೆಮ್ಮು, ನಕ್ಕರಂತೂ ಕೆಮ್ಮು ನಿಲ್ಲುತ್ತಲೇ ಇರಲಿಲ್ಲ. ಒಂದು ವಸಂತದಲ್ಲಿ, ತೋಟದ ಸೇಬಿನ ಮರಗಳೆಲ್ಲ ಹೂವಾಗಿದ್ದಾಗ, ತಾಯಿ ಥಿರ್ಜಾಳ ತೋಳಿನ ಮೇಲೆ ತಲೆಯಿಟ್ಟು ಹೋಗಿಬಿಟ್ಟ. ಫಲಕದ ಕೆಲಸವನ್ನು ಸೈಲಸ್ ಅದಕ್ಕೂ ಮೊದಲೇ ಒಪ್ಪಿಕೊಂಡಿದ್ದ. ಹೆಸರುಗಳು ಕೈಗೆ ಬಂದದ್ದು ಆಮೇಲೆ.

"ಇದ್ರಲ್ಲಿ ಒಂದು ಹೆಸರು ಬಿಟ್ಟುಹೋಗಿದೆ, ಪಾದ್ರಿಗಳೇ."

"ಬಿಟ್ಟುಹೋಗಿಲ್ಲ ಹೆಬ್ಡಿಚ್. ಸಮಿತಿ ಕೂತು ತೀರ್ಮಾನ ಮಾಡಿದೆ. ಯುದ್ಧಭೂಮೀಲಿ ಸತ್ತವರದ್ದು ಮಾತ್ರ. ನಿನ್ನ ಹುಡುಗ ಪಾಪ ಮನೇಲಿ ತೀರಿಕೊಂಡ."

"ಮನೇಲೇ ಸತ್ತ, ಸರಿ. ಅವನ ಎದೆಗೆ ಆ ಗಾಳಿ ಹೊಕ್ಕಿದ್ದೆಲ್ಲಿ? ನಮ್ಮ ಅಡುಗೆಮನೇಲಾ?"

"ಎಲ್ಲೋ ಒಂದು ಕಡೆ ಗೆರೆ ಎಳೀಲೇಬೇಕಲ್ಲಪ್ಪ."

"ಎಳೆಯೋರು ನೀವು. ಕೊರೆಯೋನು ನಾನು."

ಉಳಿಯನ್ನು ಪಾದ್ರಿಯ ಮೇಜಿನ ಮೇಲೆ ಎಸೆದು ಬಂದಿದ್ದ. ಮರುದಿನ ಸತ್ತ ಹುಡುಗರ ತಾಯಂದಿರು ಮನೆಬಾಗಿಲಿಗೆ ಬಂದು ನಿಂತರು. "ಪಟ್ಟಣದಿಂದ ಯಾರನ್ನೋ ಕರೆಸ್ತಾರಂತೆ ಸೈಲಸ್. ನಮ್ಮ ಮಕ್ಕಳ ಹೆಸರು ಕಂಡೋರ ಕೈಲಿ ಬೇಡಪ್ಪ" ಎಂದರು. ಅವರ ಮಕ್ಕಳೆಲ್ಲ ಕ್ಲೆಮ್‌ನ ಜೊತೆ ಹೊಳೆಯಲ್ಲಿ ಈಜಿದವರೇ. ಸೈಲಸ್ ಉಳಿ ವಾಪಸ್ಸು ತಂದ. ಒಂದೊಂದೇ ಅಕ್ಷರವನ್ನು ಚೊಕ್ಕವಾಗಿ ಕೊರೆದು, ಗೋಡೆಯಲ್ಲಿ ಕೂರಿಸಿ, ಆ ಬಾಗಿಲಿಗೆ ಬೆನ್ನು ಹಾಕಿದ.

ಚರ್ಚನ್ನೇ ಬಿಟ್ಟುಬಿಡುವುದು ಅವನಿಂದ ಆಗುತ್ತಿರಲಿಲ್ಲ. ಹೆಬ್ಡಿಚ್ ಮನೆತನಕ್ಕೆ ಅದು ಎರಡನೆಯ ಮನೆ. ಗುಡ್ಡದ ಜೇನುಬಣ್ಣದ ಕಲ್ಲು. ಸಂಜೆಬಿಸಿಲು ಬಿದ್ದರೆ ಇಡೀ ಗೋಪುರ ಆಗತಾನೇ ಒಲೆಯಿಂದ ತೆಗೆದ ಬ್ರೆಡ್ಡಿನ ಹಾಗೆ ಕಾಣುತ್ತದೆ. ಗಂಟೆಗಳ ಅಂತಸ್ತಿನ ಉದ್ದ ಕಿಟಕಿಗಳಿಗೆ ಗಾಜಿಲ್ಲ, ಕಲ್ಲಿನಲ್ಲೇ ಕೊರೆದ ಜಾಲಂಧ್ರ. ಅದರಲ್ಲೊಂದನ್ನು ಕೂರಿಸಿದವನು ಸೈಲಸನ ತಾತ. ಒಳಗೆ ಮರದ ಮಾಡು, ತೊಲೆತೊಲೆಗೂ ರೆಕ್ಕೆ ಬಿಚ್ಚಿದ ದೇವದೂತರು. ಬೆಂಚುಗಳ ತುದಿಹಲಗೆಗಳ ಮೇಲೆ ಹಿಂದಿನ ಕಾಲದ ಬಡಗಿಗಳು ಮನಸ್ಸಿಗೆ ಬಂದದ್ದನ್ನೆಲ್ಲ ಕೆತ್ತಿಬಿಟ್ಟಿದ್ದಾರೆ. ಗಾಳಿಗಿರಣಿ, ಕುಡುಕ, ಬಾಯಿಂದ ಎಲೆಬಳ್ಳಿ ಕಾರುವ ಮುಖ, ಹೆಬ್ಬಾತುಗಳಿಗೆ ಉಪದೇಶ ಮಾಡುತ್ತಿರುವ ನಿಲುವಂಗಿಯ ನರಿ. ಹೆಬ್ಡಿಚ್‌ಗಳು ಕೂರುವುದು ನರಿಯ ಬೆಂಚಿನಲ್ಲಿ. ಕ್ಲೆಮ್ ಚಿಕ್ಕವನಿದ್ದಾಗ ಉಪದೇಶದ ಹೊತ್ತಿಗೆಲ್ಲ ಆ ನರಿಯ ಮೂಗು ಉಜ್ಜುತ್ತಾ ಕೂರುತ್ತಿದ್ದ. "ಅಪ್ಪಾ, ನಿಜವಾದ ಪಾದ್ರಿ ಯಾವನು, ಇವನಾ ಅವನಾ?" ಎಂದು ಗಟ್ಟಿಯಾಗಿ ಕೇಳಿ ಏಟು ತಿಂದಿದ್ದ. ಕೊಟ್ಟ ಏಟಿಗೆ ಸೈಲಸ್ ಈಗ ಕೈ ಹಿಸುಕಿಕೊಳ್ಳುತ್ತಾನೆ.

ಗೋಪುರದ ಹೊರಗೆ, ಮೇಲಂಚಿನ ಮೂಲೆಗಳಲ್ಲಿ, ಕಲ್ಲಿನ ಮೃಗಗಳು ಬಗ್ಗಿ ಕೆಳಗೆ ನೋಡುತ್ತಾ ಕೂತಿವೆ. ಕೊಂಬಿನ ಕೋತಿ, ರೆಕ್ಕೆಯ ನಾಯಿ, ನಾಲಿಗೆ ಚಾಚಿದ ಎಂಥದೋ ಒಂದು. ಮಳೆನೀರು ಉಗುಳುವ ಕೆಲಸವೂ ಅವಕ್ಕಿಲ್ಲ, ಸುಮ್ಮನೆ ಕೂತು ಊರನ್ನು ಅಣಕಿಸುವುದಷ್ಟೇ. ಊರವರು ಅವನ್ನು ಹಂಕಿಪಂಕಿಗಳು ಎನ್ನುತ್ತಾರೆ. ಕ್ಲೆಮ್ ಸತ್ತ ಮರುವರ್ಷದ ಬಿರುಗಾಳಿಗೆ ಅದರಲ್ಲೊಂದು, ಸಮಾಧಿಗಳ ನಡುವಿನ ಹಳೆಯ ಯೂ ಮರದ ಕಡೆಗಿದ್ದ ನಾಯಿ, ಕಳಚಿ ಬಿದ್ದು ಪುಡಿಯಾಯಿತು. ಪಟ್ಟಣದ ಎಂಜಿನಿಯರು ಹೊಸ ನಾಯಿಯ ಚಿತ್ರ ಬರೆದು ಕಳಿಸಿದ. ಕೆತ್ತುವ ಕೆಲಸ ಸೈಲಸನಿಗೆ, ಮೇಲೇರಿಸಿ ಕೂರಿಸುವ ಕೆಲಸ ಅವನ ಹೆಂಡತಿಯ ತಮ್ಮ ಏಮಸ್ ಸ್ಟಕೀಗೆ. ಯಾವಾಗಲೂ ಹಾಗೆಯೇ. ಒಬ್ಬ ಕೆತ್ತುವವನು, ಒಬ್ಬ ಕೂರಿಸುವವನು.

ಸೈಲಸ್ ಕಲ್ಲು ಕೆತ್ತುವ ಕೊಟ್ಟಿಗೆಯ ಬಾಗಿಲು ಹಾಕಿಕೊಂಡು ಕೂತ. ಮೈ ನಾಯಿಯದೇ, ರೆಕ್ಕೆಯೂ ಚಿತ್ರದಲ್ಲಿದ್ದ ಹಾಗೇ. ಮುಖ ಮಾತ್ರ ಬೇರೆ. ಕ್ಲೆಮ್‌ಗೆ ಒಂದು ಅಭ್ಯಾಸವಿತ್ತು. ಕೆಲಸದಲ್ಲಿ ಮುಳುಗಿದಾಗ ನಾಲಿಗೆಯ ತುದಿಯನ್ನು ಬಾಯಿಯ ಎಡಮೂಲೆಯಿಂದ ಹೊರಗೆ ಹಾಕುತ್ತಿದ್ದ. ಹಂಕಿಪಂಕಿಗೂ ನಾಲಿಗೆ ಹೊರಗಿರಬೇಕಾದ್ದೇ. ಯಾರು ಏನೆಂದಾರು?

ಥಿರ್ಜಾ ಮಗ ಹೋದಮೇಲೆ ಮನೆಯಿಂದ ಆಚೆ ಬಂದಿರಲಿಲ್ಲ. ಮಣ್ಣು ಮಾಡಿದ ಜಾಗಕ್ಕೂ ಹೋಗಿರಲಿಲ್ಲ. "ಮಣ್ಣು ನೋಡಿ ಏನು ಮಾಡ್ಲಿ?" ಎನ್ನುತ್ತಿದ್ದಳು. ಮುಖ ಮೂಡುತ್ತಿದ್ದಾಗ ಒಂದು ದಿನ ಸೈಲಸ್ ಅವಳ ಮುಂದೆ ಕೂತು ಹೇಳಿದ: "ಆ ಫಲಕ ಸವೆದು ನುಣ್ಣಗಾದ ಮೇಲೂ ನಮ್ಮ ಕ್ಲೆಮ್ ಮೇಲೆ ಇರ್ತಾನೆ ಕಣೇ. ಮುನ್ನೂರು ವರ್ಷ. ಮಾತು ಕೊಡ್ತೀನಿ." ಅವಳು ಬಹಳ ದಿನಗಳ ಮೇಲೆ ಅವನ ಮುಖ ನೋಡಿದಳು.

ಆ ಮಾತು ಕೊಡುವಾಗ ಅವನಿಗೆ ಒಂದು ಸಂಗತಿ ಗೊತ್ತಿತ್ತು.

ಆ ಗುಡ್ಡದ ಕಲ್ಲು ಪದರಪದರವಾಗಿ ಮಲಗಿರುತ್ತದೆ, ಒಂದರ ಮೇಲೊಂದು ಪೇರಿಸಿದ ಹಾಳೆಗಳ ಹಾಗೆ. ಗುಡ್ಡದಲ್ಲಿ ಹೇಗೆ ಮಲಗಿತ್ತೋ ಗೋಡೆಯಲ್ಲೂ ಹಾಗೇ ಮಲಗಬೇಕು. ಅಪ್ಪಂದಿರು ಮಕ್ಕಳಿಗೆ ಉಳಿ ಕೈಗೆ ಕೊಡುವ ಮೊದಲೇ ಹೇಳಿಕೊಡುವ ಪಾಠ ಅದು. ಪದರಗಳು ಹೊರಗೆ ಮುಖ ಮಾಡಿ ನಿಲ್ಲುವ ಹಾಗೆ ಕಲ್ಲನ್ನು ಎಬ್ಬಿಸಿ ಇಟ್ಟರೆ ಮುಗಿಯಿತು. ಸಂದಿಯಲ್ಲಿ ಮಳೆ ಇಳಿಯುತ್ತದೆ, ಚಳಿಗೆ ಹೆಪ್ಪುಗಟ್ಟಿ ಉಬ್ಬುತ್ತದೆ, ಮೇಲಿನ ಚರ್ಮ ಸುಲಿದುಕೊಂಡು ಬರುತ್ತದೆ. ಗಣಿಯಿಂದ ಬಂದಿದ್ದ ಕಲ್ಲಿನ ನಡುವೆ ಒಂದು ಕಂದುಬಣ್ಣದ ಮೆದು ಗೆರೆ ಓಡಿತ್ತು. ಸರಿಯಾಗಿ ಮಲಗಿಸಿದರೆ ಆ ಗೆರೆ ಕ್ಲೆಮ್‌ನ ಕಣ್ಣ ಕೆಳಗೆ, ಕೆನ್ನೆಯಿಂದ ಕೆನ್ನೆಗೆ, ಗಾಯದ ಹಾಗೆ ಹಾಯುತ್ತಿತ್ತು. ಎಬ್ಬಿಸಿ ಇಟ್ಟರೆ ಗೆರೆ ಹಿಂದೆ ಹೋಗಿ, ಮುಖಕ್ಕೆ ಒಳ್ಳೆಯ ನುಣುಪಾದ ಪದರ ಸಿಗುತ್ತಿತ್ತು. ಸೈಲಸ್ ಆ ಕಲ್ಲನ್ನು ಎಷ್ಟು ಸಲ ಹೊರಳಿಸಿದನೋ. ಕೊನೆಗೆ ಎಬ್ಬಿಸಿಯೇ ಕೆತ್ತಿದ. ಸಾಯುವಾಗಲೇ ಮಗನ ಮುಖ ಬೇಕಾದಷ್ಟು ಹಾಳಾಗಿತ್ತು. ಕಲ್ಲಿನಲ್ಲೂ ಗಾಯ ಮಾಡಲು ಯಾವ ಅಪ್ಪನಿಗೆ ಕೈ ಬಂದೀತು?

ಗೋಪುರಕ್ಕೆ ಕಟ್ಟಿದ ಸಾರುವೆಯ ಬುಡದಲ್ಲಿ ಕಲ್ಲಿನ ಮೇಲಿನ ಗೋಣಿ ತೆಗೆದಾಗ ಏಮಸ್ ಟೋಪಿ ಕೈಗೆ ತೆಗೆದುಕೊಂಡ.

"ಭಾವ... ಇದು ನಮ್ಮ ಕ್ಲೆಮ್."

"ನಾಯಿ ಅದು. ರೆಕ್ಕೆ ಕಾಣಲ್ವಾ?"

"ರೆಕ್ಕೇನೂ ಕಾಣ್ತದೆ, ನಾಲಿಗೇನೂ ಕಾಣ್ತದೆ." ಏಮಸ್ ಕಲ್ಲಿನ ಪಕ್ಕೆಯ ಮೇಲೆ ಹೆಬ್ಬೆರಳು ಎಳೆದ. ಮತ್ತೆ ಎಳೆದ. "ಭಾವ, ಕಲ್ಲು ನಿಂತದೆ."

"ಗೊತ್ತು."

"ಗೊತ್ತಿದ್ದೂ ಕೆತ್ತಿದ್ಯಾ? ಮುಖ ಸುಲಿದು ಬರ್ತದೆ ಭಾವ."

"ಏಯ್, ಗಾರೆ ಕಲಸೋನು ನೀನು! ಕಲ್ಲು ಹೇಗೆ ಮಲಗ್ಬೇಕು ಅಂತ ನನಗೆ ಹೇಳಿಕೊಡ್ತೀಯಾ? ಮೂಗು ಕೆತ್ತೋ ಅಂದ್ರೆ ಆಲೂಗಡ್ಡೆ ಕೆತ್ತೋ ನನ್ಮಗ!"

"ಆಲೂಗಡ್ಡೇನೇ ಸರಿ. ಆದ್ರೆ ನನ್ನ ಆಲೂಗಡ್ಡೆ ಉದುರಲ್ಲ." ಏಮಸ್ ಧ್ವನಿ ತಗ್ಗಿಸಿದ. "ಇನ್ನೊಂದು ಕಲ್ಲು ತರಿಸೋಣ ಭಾವ. ನಾನೇ ಗಣಿಗೆ ಹೋಗಿ ಆರಿಸ್ಕೊಂಡು ಬರ್ತೀನಿ. ಇನ್ನೊಂದು ಸಲ ಕೆತ್ತು."

"ಇನ್ನೊಂದು ಸಲ ಆ ಮುಖ ನನ್ನ ಕೈಲಿ ಬರಲ್ವೋ!"

ಸೈಲಸ್ ಅದನ್ನು ಎಷ್ಟು ಜೋರಾಗಿ ಕೂಗಿದನೆಂದರೆ ಗೋಪುರದ ಕಾಗೆಗಳೆಲ್ಲ ಎದ್ದವು. ಏಮಸ್ ಟೋಪಿ ತಲೆಗೆ ಹಾಕಿಕೊಂಡ. ಹಗ್ಗ ಬಿಗಿದು, ಮೇಲೆಳೆದು, ದಿನವಿಡೀ ಒಬ್ಬನೇ ಮೇಲೆ ಕೂತು ಕೆಲಸ ಮುಗಿಸಿ ಇಳಿದ.

ಸಾರುವೆ ಬಿಚ್ಚಿದ ದಿನ ಥಿರ್ಜಾ ಮನೆಯಿಂದ ಹೊರಗೆ ಬಂದಳು. ಯೂ ಮರದ ಕೆಳಗೆ ನಿಂತು ಕತ್ತೆತ್ತಿದಳು. ತನ್ನ ನಾಲಿಗೆಯ ತುದಿಯನ್ನು ಬಾಯಿಯ ಎಡಮೂಲೆಗೆ ತಂದಳು, ಅಷ್ಟೇ. ಅವತ್ತು ರಾತ್ರಿ ತಾನೇ ಕೂತು ಊಟ ಮಾಡಿದಳು. ಮರುದಿನದಿಂದ ಹಾಲು ತರಲು ಹೋದರೂ, ಅಂಗಡಿಗೆ ಹೋದರೂ ಅವಳ ದಾರಿ ಯೂ ಮರದ ಕೆಳಗಿಂದಲೇ.

ಅವಳು ನೋಡುವುದನ್ನು ಊರು ನೋಡಿತು. ಊರಿನ ಕಣ್ಣೇನು ಕುರುಡೇ? ಫಲಕದಲ್ಲಿ ಮಗನ ಹೆಸರಿದ್ದ ದೊಡ್ಡಮನೆಯ ಯಜಮಾನತಿಗೆ ಇದು ಅವಮಾನವಾಗಿ ಕಂಡಿತು. ಒಬ್ಬನ ಹೆಸರು ಗೋಡೆಯಲ್ಲಿ, ಇನ್ನೊಬ್ಬನ ಮುಖ ಗೋಪುರದಲ್ಲೇ? ಪಾದ್ರಿ ಸೈಲಸನನ್ನೂ ಏಮಸ್‌ನನ್ನೂ ಕರೆಸಿದ.

"ಇದು ಯಾರ ಕೆಲಸ? ಈಗಲೇ ಹೇಳಿ. ಹೆಬ್ಡಿಚ್, ನಿಂದಾದ್ರೆ ಹೊರಗಿನ ಕುಟಿಗನ್ನ ಕರೆಸಿ ಇಳಿಸ್ತೀನಿ, ಎಂಜಿನಿಯರ್ ನಾಯೀನೇ ಕೂರಿಸ್ತೀನಿ."

ಸೈಲಸ್ ಬಾಯಿ ತೆರೆದ. ಅಷ್ಟರಲ್ಲಿ ಏಮಸ್ ಅಂದ: "ನಂದು ಸ್ವಾಮಿ."

"ನಿಂದಾ?"

"ಭಾವ ಕೊಟ್ಟಿದ್ದು ನಾಯೀನೇ. ಮೇಲಕ್ಕೆ ಏರಿಸಿದ್ಮೇಲೆ ಮೂತಿ ಸ್ವಲ್ಪ ಮುಕ್ಕಾಯ್ತು. ನಾನೇ ತಿದ್ದಿದೆ. ತಿದ್ದಕ್ಕೆ ಹೋಗಿ ಹಿಂಗಾಯ್ತು. ನಾಯಿ ಮಾಡಕ್ಕೋದ್ರೆ ನಮ್ಮ ಅಳಿಯ ಬಂದ."

ಆಲೂಗಡ್ಡೆ ಕೆತ್ತುವ ಕೈಯಿಂದ ಆ ಮುಖ ಬಂತೆಂದು ನಂಬುವವನು ಆ ಊರಲ್ಲಿ ಒಬ್ಬನೂ ಇರಲಿಲ್ಲ. ಪಾದ್ರಿಯೂ ನಂಬಲಿಲ್ಲ. ಆದರೆ ಅವನಿಗೆ ಇದು ಅನುಕೂಲವಾಗಿತ್ತು. ಸಾರುವೆ ಮತ್ತೆ ಕಟ್ಟಿಸುವುದು ತಪ್ಪಿತು, ಕೈತಪ್ಪು ಎಂದು ದೊಡ್ಡಮನೆಗೆ ಹೇಳಿದ್ದಾಯಿತು, ಒಬ್ಬನಿಗೆ ಶಿಕ್ಷೆಯೂ ಆಯಿತು. ಏಮಸ್‌ಗೆ ಚರ್ಚಿನ ಕೆಲಸ ತಪ್ಪಿಸಿದ. ಅದಕ್ಕಿಂತ ಹೆಚ್ಚಾಗಿ, ಗಂಟೆ ಬಾರಿಸುವವರ ಗುಂಪಿನಿಂದ ತೆಗೆದ. ಗೋಪುರದ ಅತಿ ದೊಡ್ಡ ಗಂಟೆಯ ಹಗ್ಗ ಏಮಸ್‌ನದಾಗಿತ್ತು. ಅವನ ಅಪ್ಪನಿಂದ ಬಂದದ್ದು. ಅದನ್ನು ಬಿಟ್ಟು ಬೇರೆ ಹೆಮ್ಮೆ ಅವನಿಗಿರಲಿಲ್ಲ.

ಸೈಲಸ್ ಸುಮ್ಮನಿದ್ದ. ನಿಜ ಹೇಳಿದರೆ ಮುಖ ಇಳಿಯುತ್ತದೆ, ಮುಖ ಇಳಿದರೆ ಥಿರ್ಜಾ ಮತ್ತೆ ಗೋಡೆ ಕಡೆ ತಿರುಗಿ ಮಲಗುತ್ತಾಳೆ. ಅದೊಂದು ಕಾರಣ. ಇನ್ನೊಂದು, ಏಮಸ್‌ನ "ಕಲ್ಲು ನಿಂತದೆ" ಎಂಬ ಮಾತು ಅವನ ಎದೆಯಲ್ಲಿ ಮುಳ್ಳಾಗಿ ಕೂತಿತ್ತು. ಉಪಕಾರ ಮಾಡಿದವನ ಮೇಲೆಯೇ ಸಿಟ್ಟು. ಮನುಷ್ಯರು ಹೀಗೂ ಇರುತ್ತಾರೆ. ಏಮಸ್ ತನ್ನ ಹೆಂಡತಿ ಲಾಟಿಯನ್ನು ಕರೆದುಕೊಂಡು ಗುಡ್ಡದಾಚೆಯ ಆಶ್‌ಮೂರ್‌ಗೆ ಹೋಗಿ, ಕುರಿಹಟ್ಟಿಗಳ ಗೋಡೆ ಕಟ್ಟಿಕೊಂಡು ಇದ್ದುಬಿಟ್ಟ. ಗಾಡಿಗೆ ಸಾಮಾನು ಏರಿಸುವಾಗ ಥಿರ್ಜಾ ಹೋಗಿ ತಮ್ಮನನ್ನು ತಬ್ಬಿ ಅತ್ತಳು. ಸೈಲಸ್ ಕೊಟ್ಟಿಗೆಯಲ್ಲಿ ಉಳಿ ಮಸೆಯುತ್ತಿದ್ದ.

ಕೆಲವು ಚಳಿಗಾಲ ಏನೂ ಆಗಲಿಲ್ಲ. "ನೋಡು, ಮುಖ ಸುಲಿದು ಬರ್ತದಂತೆ!" ಎಂದು ಸೈಲಸ್ ಸೇಬಿನ ಹೆಂಡದ ಬಟ್ಟಲಿಗೆ ಹೇಳಿಕೊಳ್ಳುತ್ತಿದ್ದ.

ಆಮೇಲೆ ಒಂದು ವರ್ಷ ಹಿರಿಯರೂ ಕಂಡಿರದಂಥ ಚಳಿ ಬಿತ್ತು. ಹೊಳೆ ಕಲ್ಲಾಯಿತು. ಹಿಮ ಕರಗತೊಡಗಿದ ಮೊದಲ ಬೆಳಗ್ಗೆ ಥಿರ್ಜಾ ಹಾಲಿನ ತಂಬಿಗೆ ಹಿಡಿದು ಹೋದವಳು ಎಷ್ಟು ಹೊತ್ತಾದರೂ ಬರಲಿಲ್ಲ. ಸೈಲಸ್ ಹುಡುಕಿಕೊಂಡು ಹೋದ. ಅವಳು ಯೂ ಮರದ ಕೆಳಗೆ ಒದ್ದೆ ಹುಲ್ಲಿನಲ್ಲಿ ಮಂಡಿಯೂರಿ, ಹಳದಿ ಚೂರುಗಳನ್ನು ಆರಿಸಿ ಮಡಿಲಿಗೆ ಹಾಕಿಕೊಳ್ಳುತ್ತಿದ್ದಳು. ಪಕ್ಕದಲ್ಲಿ ಹಾಲು ಚೆಲ್ಲಿತ್ತು. ಅವನು ಕತ್ತೆತ್ತಿದ. ನಾಯಿಯ ಮೈಯಿತ್ತು, ರೆಕ್ಕೆಯಿತ್ತು. ಮುಖವಿದ್ದ ಕಡೆ ಒರೆಸಿದ ಹಲಗೆಯಂತೆ ಚಪ್ಪಟೆ.

"ಮೂಗು ಸಿಕ್ತು" ಅಂದಳು ಥಿರ್ಜಾ. "ಬಾಯಿ ಸಿಗ್ತಿಲ್ಲ."

"ಏಳು. ಚಳಿ ಇದೆ."

"ಮುನ್ನೂರು ವರ್ಷ ಅಂದಿದ್ದೆ ನೀನು."

ಅವನು ಬಗ್ಗಿ ಹಾಲಿನ ತಂಬಿಗೆಯನ್ನು ನೆಟ್ಟಗೆ ಇಟ್ಟ.

"ಇದನ್ನ ಮೇಲೆ ಕೂರಿಸಿದೋನು ಏಮಸ್. ಕಲ್ಲು ನಿಂತಿದ್ದು ಅವನ ಕಣ್ಣಿಗೆ ಬೀಳ್ಲಿಲ್ವಾ?"

"ಬಿದ್ದಿತ್ತು."

"ಹೇಳ್ಲಿಲ್ವಾ?"

"ಹೇಳ್ದ."

ಥಿರ್ಜಾ ಚೂರು ಆರಿಸುವುದನ್ನು ನಿಲ್ಲಿಸಿದಳು. ಮಡಿಲು ಗಟ್ಟಿಯಾಗಿ ಹಿಡಿದು ಎದ್ದಳು. "ಹೇಳಿದೋನನ್ನ ಊರು ಬಿಡಿಸ್ದೆ" ಎಂದು ಹೇಳಿ, ಅವನನ್ನು ಅಲ್ಲೇ ಬಿಟ್ಟು ಮನೆಗೆ ನಡೆದಳು.

ಸೈಲಸ್ ಆಶ್‌ಮೂರ್‌ಗೆ ಹೋದ. ಹೋಗಬೇಕೆಂದುಕೊಂಡು ವಾರಗಟ್ಟಲೆ ಕಳೆದ ಮೇಲೆ ಹೋದ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡ. ತಪ್ಪು ನಂದು ಏಮಸ್, ನೀನು ಹೇಳಿದ್ದೇ ಸರಿ, ಪಾದ್ರಿ ಹತ್ರ ಹೋಗಿ ನಾನೇ ಒಪ್ಕೋತೀನಿ, ನಿನ್ನ ಹಗ್ಗ ನಿನಗೆ ಕೊಡಿಸ್ತೀನಿ. ಇಷ್ಟೇ ಹೇಳಬೇಕಾಗಿದ್ದದ್ದು. ಏಮಸ್ ರಸ್ತೆಬದಿಯಲ್ಲಿ ಗೋಡೆ ಕಟ್ಟುತ್ತಿದ್ದ. ಬಡಕಲಾಗಿದ್ದ.

"ಓಹೋ, ಭಾವ! ದಾರಿ ತಪ್ಪಿತಾ? ಕುರಿ ಕಾಯೋ ಕೆಲಸ ಖಾಲಿ ಇಲ್ಲ ನೋಡು."

"ಮುಖ ಬಿತ್ತು."

ಏಮಸ್‌ನ ಕೈಯಲ್ಲಿದ್ದ ಕಲ್ಲು ಕೈಯಲ್ಲೇ ನಿಂತಿತು. "ಅಕ್ಕ ನೋಡಿದ್ಲಾ?"

"ಅವಳೇ ಮೊದಲು ನೋಡಿದ್ದು."

"ಅಯ್ಯೋ." ಅವನು ಮೆಲ್ಲಗೆ ಅಂದ: "ಒಂದೆರಡು ಚಳಿಗಾಲ ತಡೆದೀತು ಅಂದ್ಕೊಂಡಿದ್ದೆ. ಜಾಸ್ತೀನೇ ತಡೀತು ಭಾವ. ನೆತ್ತಿ ಮೇಲೆ ಸೀಸದ ತಗಡು ಮಡಚಿ ಹೊದಿಸಿದ್ದೆ, ಮಳೆ ಇಳೀದಿರ್ಲಿ ಅಂತ. ಕೆಳಗಿಂದ ಕಾಣದ ಹಾಗೆ."

ಅದು ಸಮಾಧಾನದ ಮಾತು. ಕಲ್ಲಿಗೂ ಅರ್ಥವಾಗುವಂಥ ಮಾತು. ಸೈಲಸನ ಕಿವಿಗೆ ಮಾತ್ರ ಅಣಕವಾಗಿ ಕೇಳಿಸಿತು.

"ನನ್ನ ಕೆಲಸಕ್ಕೆ ತೇಪೆ ಹಾಕಿದ್ಯಾ? ನನಗೆ ಹೇಳ್ದೆ? ಯಾವಾಗ ಬೀಳ್ತದೆ ಅಂತ ಲೆಕ್ಕ ಹಾಕ್ಕೊಂಡು ಇಲ್ಲಿ ಕೂತಿದ್ಯಾ?"

"ಭಾವ, ಕೂತ್ಕೋ. ಲಾಟಿ ಬ್ರೆಡ್ಡು ಚೀಸು ಕೊಡ್ತಾಳೆ, ತಿಂದು..."

"ನಿನ್ನ ಬ್ರೆಡ್ಡು ಯಾವನಿಗೆ ಬೇಕು!"

ಬಂದ ದಾರಿಯಲ್ಲೇ ತಿರುಗಿದ. ಗುಡ್ಡದ ನೆತ್ತಿಗೆ ಬಂದಾಗ ಸಿಟ್ಟು ಇಳಿಯಿತು. ಹಿಂತಿರುಗಿ ನೋಡಿದ. ಏಮಸ್ ಇನ್ನೂ ಅದೇ ಕಲ್ಲು ಹಿಡಿದುಕೊಂಡು ಇತ್ತ ನೋಡುತ್ತಾ ನಿಂತಿದ್ದ. ಹೋಗಿಬಿಡಬೇಕಾಗಿತ್ತು. ಇಳಿಜಾರು, ಓಡಿದರೆ ಕಾಲುಗಂಟೆಯ ದಾರಿಯೂ ಅಲ್ಲ. ಬೇಸಿಗೆಗೆ ಬಂದರಾಯಿತು ಎಂದುಕೊಂಡ. ಬೇಸಿಗೆಗೆ ಮೊದಲೇ ಏಮಸ್ ಎದೆಯಲ್ಲಿ ಕಫ ಕಟ್ಟಿ ಸತ್ತ. ಸುದ್ದಿ ಗುಡ್ಡ ದಾಟಿ ಬರುವಷ್ಟರಲ್ಲಿ ಮಣ್ಣೂ ಮಾಡಿಯಾಗಿತ್ತು.

ಸೈಲಸ್ ಗಣಿಗೆ ತಾನೇ ಹೋಗಿ ಕಲ್ಲು ಆರಿಸಿದ. ಏಮಸ್ ಸ್ಟಕೀ ಎಂದು ಕೊರೆದ. ಕೆಳಗೆ ಒಂದು ದೊಡ್ಡ ಗಂಟೆ, ಅದರ ಹಗ್ಗ. ಜೀವಮಾನದಲ್ಲಿ ಅಂಥ ಹಗ್ಗ ಅವನು ಕೆತ್ತಿರಲಿಲ್ಲ; ಎಳೆಯ ಮೇಲೆ ಎಳೆ ಹೊಸೆದದ್ದು ಬೆರಳಿಗೆ ಸಿಗುತ್ತಿತ್ತು. ಬಾಡಿಗೆ ಗಾಡಿಯಲ್ಲಿ ಹುಲ್ಲು ಹಾಸಿ, ಕಲ್ಲು ಮಲಗಿಸಿ, ಆಶ್‌ಮೂರ್‌ಗೆ ಹೊಡೆದುಕೊಂಡು ಹೋದ. ಲಾಟಿ ಬಾಗಿಲಲ್ಲೇ ನಿಂತಳು.

"ಏನಣ್ಣ ಅದು?"

"ಏಮಸ್‌ಗೆ. ಕಲ್ಲು."

ಅವಳು ಗಾಡಿಯ ಹತ್ತಿರ ಬಂದು ನೋಡಿದಳು. ಹಗ್ಗದ ಮೇಲೆ ಬೆರಳಿಟ್ಟಳು. ಬೆರಳು ಬಹಳ ಹೊತ್ತು ಅಲ್ಲೇ ಇತ್ತು. ಆಮೇಲೆ ತೆಗೆದು ಮುಂದೆ ಕಟ್ಟಿಕೊಂಡಿದ್ದ ಬಟ್ಟೆಗೆ ಒರೆಸಿಕೊಂಡಳು.

"ಚೆನ್ನಾಗಿದೆ. ವಾಪಸ್ ತಗೊಂಡು ಹೋಗಿ."

"ಲಾಟಿ..."

"ಅವರು ಹೋದ ಸುದ್ದಿ ಊರಿಗೆ ಮುಟ್ಟಿದ ಮೇಲೂ, ಗುಂಪಿಂದ ತೆಗೆದೋರು ಅಂತ, ಒಂದು ಗಂಟೆ ಬಾರಿಸ್ಲಿಲ್ಲ ಅಣ್ಣ. ನಮ್ಮೂರಲ್ಲಿ ಬೀದಿಗುಡಿಸೋನು ಸತ್ರೂ ಬಾರಿಸ್ತಾರೆ, ಅವನು ಒಂದು ದಿನ ಹಗ್ಗ ಹಿಡಿದಿದ್ರೆ. ನೀವು ಪಾದ್ರಿ ಹತ್ರ ಒಂದು ಮಾತು ಹೇಳಿದ್ರೆ ಸಾಕಿತ್ತು. ಮುಖ ಬಿದ್ದಮೇಲಾದ್ರೂ ಹೇಳ್ಬಹುದಿತ್ತು. ಆವಾಗ ಕಳ್ಕೊಳ್ಳೋಕೆ ನಿಮಗೇನಿತ್ತು?"

ಅವನು ಕುದುರೆಯ ಲಗಾಮು ನೋಡುತ್ತಾ ನಿಂತ.

"ಆ ದಿನ ನೀವು ಕೂಗಾಡಿ ಹೋದ್ಮೇಲೆ ಏನಂದ್ರು ಗೊತ್ತಾ? 'ಭಾವನಿಗೆ ದುಃಖ ಜಾಸ್ತಿ ಆಗಿದೆ, ನಾಳೆ ಬರ್ತಾನೆ' ಅಂದ್ರು. ದಿನಾ ಅದೇ, ನಾಳೆ ಬರ್ತಾನೆ. ನಿಮ್ಮ ಸಾಲ ಇದ್ದದ್ದು ಅವರ ಹತ್ರ ಅಣ್ಣ. ಅವರು ಹೋದ್ರು. ನಾನು ವಸೂಲಿ ಮಾಡೋಳಲ್ಲ, ಮಾಫಿ ಮಾಡೋಳೂ ಅಲ್ಲ."

ಬಾಗಿಲು ಮುಚ್ಚಿಕೊಂಡಿತು. ಸೈಲಸ್ ಗಾಡಿ ತಿರುಗಿಸಿದ. ಏರಿನಲ್ಲಿ ಕುದುರೆ ಬಸವಳಿದಾಗ ಇಳಿದು ತಾನೂ ಹಿಂದಿನಿಂದ ನೂಕಿದ. ಮನೆ ಮುಟ್ಟಿದಾಗ ಥಿರ್ಜಾ ಹೊಸ್ತಿಲ ಮೇಲೆ ಬಟಾಣಿ ಬಿಡಿಸುತ್ತಿದ್ದಳು. ಗಾಡಿ ನೋಡಿದಳು.

"ತಗೊಳ್ಲಿಲ್ವಾ?"

"ಇಲ್ಲ."

"ನಾನಾಗಿದ್ರೂ ತಗೋತಿರ್ಲಿಲ್ಲ" ಎಂದು ಅವಳು ಇನ್ನೊಂದು ಬಟಾಣಿಕಾಯಿ ಕೈಗೆತ್ತಿಕೊಂಡಳು.